ಸೊಂಟದ ಎರಡು ಎಲುಬು

ನಾನು ಒಂದು ಡಾಲ್ಫಿನ್ನಿನ ಅಸ್ಥಿಪಂಜರ. ಹುಟ್ಟಿದ್ದು ಕಾರವಾರದ ಕಡಲಲ್ಲಿ. ಜನ ನನ್ನನ್ನು ಮೀನೆಂದರೂ ನಾನು ತಾಯಿಯ ಹಾಲು ಕುಡಿದು ಬೆಳೆದವಳು, ಉಸಿರಿಗಾಗಿ ಮತ್ತೆ ಮತ್ತೆ ನೀರಿನ ಮೇಲೆ ಬರಬೇಕಾದವಳು. ಒಂದು ಬೆಳಿಗ್ಗೆ ಬಲೆಗೆ ಸಿಕ್ಕಿಕೊಂಡೆ. ಮೇಲೆ ಬರಲಾಗಲಿಲ್ಲ. ನೀರಿನಲ್ಲೇ ಉಸಿರುಕಟ್ಟಿ ಸತ್ತೆ.

ದಡಕ್ಕೆ ಬಂದು ಬಿದ್ದ ನನ್ನನ್ನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಶಾನಭಾಗ ಮೇಡಂ ಕೇಳಿ ಪಡೆದರು. ಪ್ರಯೋಗಾಲಯದ ಸಹಾಯಕ ಬೊಮ್ಮಯ್ಯ ಅಂಬಿಗ, ಮಾಂಸವೆಲ್ಲ ಕರಗಲೆಂದು, ನನ್ನನ್ನು ಮರಳಲ್ಲಿ ಹೂತ. ವರ್ಷ ಕಳೆದ ಮೇಲೆ ತೆಗೆದು, ಬೆನ್ನೆಲುಬಿನ ಒಂದೊಂದು ಮಣಿಯನ್ನೂ ಗೋಣಿಚೀಲದ ಮೇಲೆ ಸಾಲಾಗಿಟ್ಟು, ತಂತಿಯಲ್ಲಿ ಪೋಣಿಸಿದ. ನನ್ನ ಈಜುರೆಕ್ಕೆಯ ಪಕ್ಕ ತನ್ನ ಅಂಗೈ ಇಟ್ಟು ನೋಡಿ ಬೆರಗಾದ.

"ಅಮ್ಮಾ, ಇದ್ಕೂ ಐದು ಬೆರಳು!"

"ಇದರ ಹಿರೀಕರು ನೆಲದ ಮೇಲೆ ನಾಲ್ಕು ಕಾಲಲ್ಲಿ ನಡೀತಿದ್ರು, ಬೊಮ್ಮಯ್ಯ. ನೀರಿಗೆ ಹೋದ ಮೇಲೆ ಹಿಂಗಾಲು ಸವೆದೇ ಹೋಯ್ತು. ಸೊಂಟದ ಈ ಎರಡು ಚೂರು ಮಾತ್ರ ಉಳಿದಿದೆ."

ಬೆರಳುದ್ದದ ಆ ಎಲುಬುಗಳನ್ನು ಬೊಮ್ಮಯ್ಯ ದಾರದಲ್ಲಿ ತೂಗುಬಿಟ್ಟ.

ಆರು ವರ್ಷದ ನಂತರ, ಕಾಲೇಜು ನೋಡಲು ತಪಾಸಣೆಯವರು ಬಂದ ದಿನ, ಅವು ಕಾಣಲಿಲ್ಲ. ಪ್ರಿನ್ಸಿಪಾಲರು ಕೆಂಡವಾದರು.

"ದಿನಾ ಒರೆಸೋದು ಬೊಮ್ಮಯ್ಯನೇ," ಎಂದುಬಿಟ್ಟರು ಮೇಡಂ.

ಅವನ ಕೆಲಸ ಖಾಯಂ ಆಗಿರಲಿಲ್ಲ. ಆ ವಾರವೇ ಹೋಯಿತು. ಕದ್ದು ಮಾರಿರಬೇಕು ಎಂದು ಕಾಲೇಜಿನಲ್ಲೆಲ್ಲ ಮಾತಾಯಿತು.

ಹದಿನೈದು ದಿನ ಕಳೆದಿರಬೇಕು. ಮೇಡಂ ತಮ್ಮ ಡ್ರಾಯರಿನಿಂದ ಹತ್ತಿ ಸುತ್ತಿದ ಪೊಟ್ಟಣವೊಂದನ್ನು ತೆಗೆದರು. ಪಾಠಕ್ಕೆಂದು ತಾವೇ ಬಿಚ್ಚಿಟ್ಟು ಮರೆತಿದ್ದರು! ಅದನ್ನು ಕಂಡವಳು ನಾನೊಬ್ಬಳೇ. ಬಾಗಿಲು ಹಾಕಿಕೊಂಡು ಎರಡನ್ನೂ ಮೊದಲಿದ್ದಲ್ಲೇ ಕಟ್ಟಿದರು. ಯಾರಿಗೂ ಏನೂ ಹೇಳಲಿಲ್ಲ. ಮುಂದೆ ಪ್ರತಿ ವರ್ಷ ಆ ಪಾಠ ಬಂದಾಗ ಅವರ ಮಾತು ತಡವರಿಸುತ್ತಿತ್ತು. ಹುಡುಗಿಯರು ಮೇಡಂಗೆ ಮೈ ಸರಿಯಿಲ್ಲವೆಂದು ನೀರು ತಂದುಕೊಡುತ್ತಿದ್ದರು.

ನಿವೃತ್ತಿಯ ದಿನ ಅವರು ಬೊಮ್ಮಯ್ಯನನ್ನು ಕರೆಸಿದರು. ಅವನ ಕೂದಲು ಪೂರ್ತಿ ನೆರೆತಿತ್ತು. ವಿದ್ಯಾರ್ಥಿಗಳ ಎದುರಿಗೇ ನಡೆದದ್ದನ್ನೆಲ್ಲ ಹೇಳಿ ಕೈಮುಗಿದರು. "ತಪ್ಪು ನಂದು, ಬೊಮ್ಮಯ್ಯ."

ಆತ ನನ್ನ ಕಡೆ ತಿರುಗಿದ.

"ಮಗ ಕಳ್ಳ ಅಂದ್ಕಂಡೇ ನಮ್ಮಪ್ಪ ಸತ್ತ, ಅಮ್ಮಾ. ಆವತ್ತೇ ಹೇಳೂಕೆ ಆಗ್ಲಿಲ್ವಾ?"

ಬೊಮ್ಮಯ್ಯ ಸಡಿಲವಾಗಿದ್ದ ನನ್ನ ಒಂದು ತಂತಿಯನ್ನು ಬಿಗಿಮಾಡಿ, ಹೊರಟುಹೋದ.

ಈಗ ನಾನು ಮೆಟ್ಟಿಲ ಕೆಳಗಿನ ಕತ್ತಲಲ್ಲಿದ್ದೇನೆ. ಪಕ್ಕೆಲುಬು ಮೂರು ಮುರಿದಿವೆ. ಮನುಷ್ಯರ ಕೊರಳಲ್ಲಿರುವಂತೆ ನನ್ನ ಕೊರಳಲ್ಲೂ ಏಳೇ ಮಣಿ. ಆದರೆ ಕಂಡದ್ದನ್ನು ಹೇಳಲು ನನಗೆ ನಾಲಿಗೆಯಿರಲಿಲ್ಲ. ಅದು ಮರಳಲ್ಲೇ ಕರಗಿತ್ತು.

ಮೇಡಂಗೆ ಇತ್ತು.