ಎಡಗೈ ಕಟಿಂಗು

ಕ್ಷೌರಿಕನ ತಲೆ ನೋಡಿ ಅಂಗಡಿಗೆ ಹೋಗಬೇಕು ಅನ್ನುವುದಾದರೆ ನಮ್ಮ ಯಜಮಾನರ ಅಂಗಡಿಗೆ ಯಾರೂ ಕಾಲಿಡುತ್ತಿರಲಿಲ್ಲ. ಮೂರು ವರ್ಷದಿಂದ ಅವರ ಕೂದಲಿಗೆ ಕತ್ತರಿ ಹಾಕುತ್ತಿದ್ದವಳು ನಾನು. ನನ್ನದು ಸೊಪ್ಪು ಹೆಚ್ಚುವ ಕೈ.

ಮೊದಲು ಹಾಗಿರಲಿಲ್ಲ. ನಮ್ಮವರೂ ಅವರ ತಮ್ಮನೂ ಒಂದೇ ಅಂಗಡಿಯಲ್ಲಿದ್ದರು. ತಿಂಗಳಿಗೊಮ್ಮೆ ರಜೆಯ ದಿನ ಒಬ್ಬರಿಗೊಬ್ಬರು ಕಟಿಂಗು ಮಾಡಿಕೊಳ್ಳುತ್ತಿದ್ದರು. ಒಂದು ದಿನ ತಮ್ಮ ಒಬ್ಬ ಗಿರಾಕಿಗೆ ಮಾಡಿದ್ದನ್ನು ನೋಡಿ ನಮ್ಮವರು ತುಂಬಿದ ಅಂಗಡಿಯಲ್ಲಿ ಅವನಿಗೆ, "ಇದು ಕಟಿಂಗೋ, ಕುರಿ ಉಣ್ಣೆ ತೆಗೆಯೋದೋ?" ಅಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈದುನ ಎದುರಿಗೇ ಬೇರೆ ಅಂಗಡಿ ಹಾಕಿದ. ಆದರೂ ಇಬ್ಬರೂ ಹೊರಗಿನವರ ಕೈಗೆ ತಲೆ ಕೊಡಲಿಲ್ಲ. ಇಲ್ಲಿ ನಾನು, ಅಲ್ಲಿ ನನ್ನ ಓರಗಿತ್ತಿ. ಬೀದಿಯ ಈಚೆ ಒಂದು, ಆಚೆ ಒಂದು, ಎರಡೂ ಇಲಿ ಕಡಿದಂಥ ತಲೆ.

ಹೀಗಿರುವಾಗ ನಮ್ಮವರು ಬಲ್ಬು ಬದಲಿಸಲು ಸ್ಟೂಲು ಹತ್ತಿ, ಬಿದ್ದು, ಬಲಗೈ ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ಅಷ್ಟು ದಿನ ಬಾಗಿಲು ಹಾಕಿದರೆ ಗಿರಾಕಿಗಳು ದಾರಿಯನ್ನೇ ಮರೆಯುತ್ತಾರೆ. ನಮಗಿದ್ದ ಹೊಟ್ಟೆಪಾಡು ಅದೊಂದೇ. ನನಗೆ ನಿಜಕ್ಕೂ ಭಯವಾಯಿತು.

ಮೂರನೆಯ ದಿನ ಬೆಳಗ್ಗೆ ನೋಡಿದರೆ ನಮ್ಮ ಅಂಗಡಿ ತೆರೆದಿದೆ! ಒಳಗೆ ಮೈದುನ ಯಾರಿಗೋ ಗಡ್ಡ ತೆಗೆಯುತ್ತಿದ್ದ. ಹಳೆಯ ಬೀಗದ ಕೈಯನ್ನು ಮೂರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದನಂತೆ.

"ಬೆಳಗ್ಗೆ ಇಲ್ಲಿ, ಸಂಜೆ ನನ್ನ ಅಂಗಡೀಲಿ, ಅತ್ತಿಗೆ. ಅಣ್ಣನ ಗಿರಾಕಿಗಳು ಅಣ್ಣನ ಕುರ್ಚೀಲೇ ಕೂರ್ಲಿ" ಎಂದ. ನಾನು ಅಲ್ಲೇ ನಿಂತು ಅತ್ತೆ.

ನಮ್ಮವರು ಮಾತ್ರ, "ನಾನೇನು ಕರೆದಿದ್ನಾ?" ಎಂದು ಗೊಣಗಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಎರಡು ವಾರ ಕಿಟಕಿಯಲ್ಲಿ ನಿಂತು ಅಂಗಡಿಯನ್ನೇ ನೋಡಿದರು. ಕೊನೆಗೆ ನನಗೆ ತಡೆಯಲಾಗಲಿಲ್ಲ.

"ಮುರಿದಿರೋದು ಕೈ ಕಣ್ರೀ, ನಾಲಿಗೆ ಅಲ್ಲ" ಎಂದೆ.

ರಜೆಯ ದಿನ ಮೈದುನ ಅಂಗಡಿ ಗುಡಿಸುತ್ತಿದ್ದಾಗ ಹೊರಟರು. ನಾನೂ ಹಿಂದೆಯೇ ಹೋದೆ. ನಮ್ಮವರು ನೇರವಾಗಿ ಹೋಗಿ ಕುರ್ಚಿಯಲ್ಲಿ ಕೂತರು. ಮೈದುನ ಬಟ್ಟೆ ಹೊದಿಸಿ, ಹಿಂದಲೆ ನೋಡಿ, "ಅತ್ತಿಗೆ, ಇದನ್ನ ಯಾವ ಮೇಕೆ ಮೇಯ್ತು?" ಎಂದ.

ನನಗೆ ಉರಿದುಹೋಯಿತು. ನಮ್ಮವರು ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕಣ್ಣು ತುಂಬಿ ಬಂತು.

"ತಪ್ಪು ನಂದೇ ಕಣೋ. ನಿನ್ನ ಕೈ ಆಗ್ಲೂ ಚೆನ್ನಾಗೇ ಇತ್ತು. ಎಲ್ರೂ ನಿನ್ನ ಹೊಗಳೋದು ನನಗೆ ಸಹಿಸೋಕಾಗ್ಲಿಲ್ಲ. ಈಗ ನಮ್ಮನ್ನ ನೀನೇ ಉಳಿಸಿದೆ."

ಮೈದುನ ಮೂಗು ಸೇದಿಕೊಂಡು ಕೆಲಸ ಮುಗಿಸಿದ. ಅಚ್ಚುಕಟ್ಟಾದ ಕಟಿಂಗು. ಆಮೇಲೆ ಅಣ್ಣನನ್ನು ಎಬ್ಬಿಸಿ ತಾನೇ ಕುರ್ಚಿಯಲ್ಲಿ ಕೂತ.

"ಈಗ ನಿನ್ನ ಸರದಿ."

"ಬಲಗೈ ಎಲ್ಲಿದೆಯೋ?"

"ಎಡಗೈ ಇದೆಯಲ್ಲ, ಮಾಡಣ್ಣ."

ನಮ್ಮವರು ಎಡಗೈಯಲ್ಲಿ ಕತ್ತರಿ ಹಿಡಿದು ಬೆವತುಹೋದರು. ಮುಗಿದಾಗ ಒಂದು ಕಿವಿಯ ಮೇಲೆ ಕಾಡು, ಇನ್ನೊಂದರ ಮೇಲೆ ಬಯಲು. ಟೋಪಿ ಕೊಡಲಾ ಎಂದು ಕೇಳಿದೆ. ಮೈದುನ ಬೇಡವೆಂದ.

ಮರುದಿನ ಮೊದಲ ಗಿರಾಕಿ ಅವನ ತಲೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ಯಾರಪ್ಪಾ ಇದು ಮಾಡಿದ್ದು?"

"ನಮ್ಮಣ್ಣ" ಎಂದ ಮೈದುನ, ಎದೆಯುಬ್ಬಿಸಿ.