ಕೊಟ್ಟವರ ಹೆಸರು

ನನ್ನ ತಮ್ಮ ವಸ್ತ್ರ ಸಂಗ್ರಹಾಲಯದ ನಿರ್ದೇಶಕ. ಅಲ್ಲಿ ಅವನು ಕೆಮ್ಮಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ನನಗೆ ಮಾತ್ರ ಅವನು ಇವತ್ತಿಗೂ ಮೂಗು ಒರೆಸಬೇಕಾದ ಹುಡುಗನೇ. ಹಾಗಾಗಿ ಅವನು ಫೋನ್ ಮಾಡಿ, "ಅಕ್ಕಾ, ಸ್ವಲ್ಪ ಬಂದು ಹೋಗ್ತೀಯಾ?" ಅಂದಾಗ ಏನೋ ಕೆಟ್ಟಿದೆ ಎಂದು ಧ್ವನಿಯಲ್ಲೇ ಗೊತ್ತಾಯಿತು.

ಕೆಟ್ಟಿದ್ದು ಇಷ್ಟು. 'ಮನೆಯಲ್ಲಿ ಹೊಲಿದದ್ದು' ಎಂಬ ಪ್ರದರ್ಶನ ಮಾಡುತ್ತೇನೆ, ಅಕ್ಕಪಕ್ಕದ ಮನೆಯವರ ಹಳೆಯ ಬಟ್ಟೆಗಳನ್ನೇ ತಂದಿಡುತ್ತೇನೆ ಎಂದು ಅವನು ಆಡಳಿತ ಮಂಡಳಿಗೆ ಮಾತು ಕೊಟ್ಟಿದ್ದ. ಪಕ್ಕದ ವಸತಿ ಕಟ್ಟಡದ ಮನೆಮನೆಗೂ ಪತ್ರ ಹೋಗಿತ್ತು. ಯಾರೂ ಒಂದು ಕರವಸ್ತ್ರವನ್ನೂ ಕೊಟ್ಟಿರಲಿಲ್ಲ. ಉದ್ಘಾಟನೆ ಮುಂದಿನ ಭಾನುವಾರ, ಗಾಜಿನ ಪೆಟ್ಟಿಗೆಗಳೆಲ್ಲ ಖಾಲಿ. ಹೀಗೇ ಆದರೆ ಮಂಡಳಿಯವರು ಪ್ರದರ್ಶನದ ಕೋಣೆಯನ್ನೇ ಕಿತ್ತುಕೊಂಡು ಮುರಿದ ಕುರ್ಚಿ ತುಂಬುತ್ತಾರೆ. ಅವನು ಎಷ್ಟೋ ಆಸೆಪಟ್ಟು ಮಾಡಿಸಿದ ಕೋಣೆ ಅದು.

ನೆರೆಹೊರೆಯವರ ಜೊತೆ ಕೂಡಿ ಕೆಲಸ ಮಾಡುವುದು ಹೇಗೆ ಎಂದು ಸಂಗ್ರಹಾಲಯದವರಿಗೆ ಕಲಿಸುವುದೇ ನನ್ನ ಕಸುಬು. ಎಲ್ಲೆಲ್ಲೋ ಹೋಗಿ ಕಲಿಸಿ ಬಂದಿದ್ದೇನೆ. ತಮ್ಮ ಮಾತ್ರ ಒಮ್ಮೆಯೂ ಕರೆದಿರಲಿಲ್ಲ. ಕಾರಣ ಇಬ್ಬರಿಗೂ ಗೊತ್ತು. ಅಮ್ಮ ಮನೆಮಂದಿಯ ಹಳೆಯ ಬಟ್ಟೆ ಕೂಡಿಸಿ ಹೊಲಿದ ಹೊದಿಕೆಯೊಂದಿತ್ತು. ಅಮ್ಮ ಹೋದಮೇಲೆ, "ನಾನು ಸರಿಯಾಗಿ ಕಾಪಾಡ್ತೀನಿ" ಎಂದು ಅವನು ಅದನ್ನು ತೆಗೆದುಕೊಂಡು ಹೋಗಿ ಬೀರುವಿನಲ್ಲಿ ಬೀಗ ಹಾಕಿಟ್ಟ. ಒಂದು ಸಲ ನೋಡುತ್ತೇನೆ ಅಂದರೂ, "ಬೆಳಕು ಬಿದ್ರೆ ಬಣ್ಣ ಹೋಗುತ್ತೆ ಅಕ್ಕಾ" ಅಂದಿದ್ದ. ನಾನು ಜಗಳ ಆಡಲಿಲ್ಲ, ಮರೆಯಲೂ ಇಲ್ಲ. ಆದರೂ ಬಂದೆ. ತಮ್ಮ ತಾನೇ?

ಪಾಠ ನಡೆದದ್ದು ಬಟ್ಟೆ ದುರಸ್ತಿಯ ಕೋಣೆಯಲ್ಲಿ. ಉದ್ದನೆಯ ಮೇಜಿನ ಸುತ್ತ ಸಿಬ್ಬಂದಿ ಬಿಳಿ ಕೈಗವಸು ಕಳಚಿಟ್ಟು ಕೂತರು. ಅವರು ಕಳಿಸಿದ್ದ ಪತ್ರವನ್ನು ಸಂಗ್ರಹಪಾಲಕಿ ಓದಿದಳು. ಚುರುಕು ಹುಡುಗಿ. ಪತ್ರದಲ್ಲಿ ನಿಯಮಗಳೆಲ್ಲ ಅಚ್ಚುಕಟ್ಟಾಗಿದ್ದವು: ಪೆಟ್ಟಿಗೆಯ ಪಕ್ಕ ಕೊಟ್ಟವರ ಹೆಸರು ಹಾಕುತ್ತೇವೆ, ಪ್ರದರ್ಶನ ಮುಗಿದ ಮೇಲೆ ವಸ್ತುವನ್ನು ಕೊಟ್ಟವರ ಮನೆಗೇ ತಲುಪಿಸುತ್ತೇವೆ.

"ಚೆನ್ನಾಗಿದೆ. ನೀವು ಅವರನ್ನ ಕೇಳಿದ್ದು ಇದು. ಅವರು ನಿಮ್ಮನ್ನ ಏನು ಕೇಳಿದ್ರು?" ಅಂದೆ.

ಸಂಗ್ರಹಪಾಲಕಿ ಪತ್ರ ಮಗುಚಿ ಖಾಲಿ ಬೆನ್ನು ನೋಡಿದಳು.

"ಹಾಗಾದ್ರೆ ಈಗ ಎದ್ದು ಹೋಗಿ. ಬಟ್ಟೆ ವಿಷಯ ಎತ್ತಬೇಡಿ. ಕೂರಿಸಿದ್ರೆ ಕೂತು, ಅವರಿಗೆ ಏನು ಬೇಕಾಗಿದೆ ಕೇಳ್ಕೊಂಡು ಬನ್ನಿ."

ಸಂಜೆ ಸಂಗ್ರಹಪಾಲಕಿ ನಗುವುದೋ ಬಿಡುವುದೋ ತಿಳಿಯದೆ ಬಾಗಿಲಲ್ಲಿ ನಿಂತಳು. ಪಕ್ಕದ ಕಟ್ಟಡದ ತಾರಸಿ ಸೋರುತ್ತಿದೆ, ರಿಪೇರಿಗೆಂದು ಮುಚ್ಚಿದ್ದಾರೆ. ಯಾರಿಗೂ ಒಗೆದ ಬಟ್ಟೆ ಒಣಹಾಕಲು ಜಾಗವಿಲ್ಲ. "ಎಲ್ಲರ ಕಿಟಕಿಯಿಂದಲೂ ನಮ್ಮ ಹಿಂದಿನ ಹುಲ್ಲುಹಾಸು ಕಾಣುತ್ತೆ ಮೇಡಂ. ಅಲ್ಲಿ ಹಗ್ಗ ಕಟ್ಟಬಹುದಾ ಅಂತ ಕೇಳಿದ್ರು."

ತಮ್ಮನ ಮುಖ ಹುಳ್ಳಗಾಯಿತು. "ಅಕ್ಕಾ, ಇದು ವಸ್ತ್ರ ಸಂಗ್ರಹಾಲಯ!"

"ಅದಕ್ಕೇ ಹೇಳ್ತಿರೋದು. ಒದ್ದೆ ಆದ್ರೇನು, ವಸ್ತ್ರ ತಾನೇ?"

"ಗಣ್ಯರು ಬಂದಾಗ ಚಡ್ಡಿ ಬನಿಯನ್ ನೇತಾಡ್ತಿದ್ರೆ?"

"ಗಣ್ಯರೂ ಹಾಕ್ಕೊಂಡೇ ಬಂದಿರ್ತಾರೆ ಬಿಡೋ."

ಸಿಬ್ಬಂದಿ ಮುಖ ತಿರುಗಿಸಿ ನಕ್ಕರು. ಅವನು ಮೂತಿ ಉಬ್ಬಿಸಿಕೊಂಡು ಒಪ್ಪಿದ. ಮರುದಿನ ಕಾವಲುಗಾರ 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಫಲಕ ಕಿತ್ತು, ಮರದಿಂದ ಮರಕ್ಕೆ ಹಗ್ಗ ಬಿಗಿದ. ಬಕೆಟ್ ಹಿಡಿದು ಹೆಂಗಸರು, ಗಂಡಸರು ಬಂದರು. ನನ್ನ ವಿದ್ಯಾರ್ಥಿಗಳಾದ ಸಿಬ್ಬಂದಿ ಬಕೆಟ್ ಎತ್ತಿಕೊಟ್ಟು, ಬೆಡ್‌ಶೀಟ್ ಹಿಂಡಲು ಕೈಜೋಡಿಸಿ, ಹಾಗೇ ಮಾತಿಗಿಳಿದರು. ನನಗೆ ಒಳಗೊಳಗೇ ಖುಷಿ. ಮೇಜಿನ ಮುಂದೆ ದಿನವಿಡೀ ಗಂಟಲು ಹರಿದುಕೊಂಡರೂ ಇಷ್ಟು ತಲೆಗೆ ಹೋಗುತ್ತಿರಲಿಲ್ಲ.

ತಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ. ಉದ್ಘಾಟನೆ ಹತ್ತಿರ ಬಂದಿತ್ತಲ್ಲ, ಅವನ ಸಂಕಟ ಅವನಿಗೆ. ನೇರ ಹಗ್ಗದ ಬಳಿ ಹೋಗಿ ಮೂರನೇ ಮಹಡಿಯ ಅಜ್ಜಿಯನ್ನು ಕೇಳಿಯೇಬಿಟ್ಟ. ಆ ಕಟ್ಟಡದಲ್ಲಿ ಅಜ್ಜಿ ಹೂಂ ಅಂದರೆ ಎಲ್ಲರೂ ಹೂಂ.

"ಅಜ್ಜೀ, ನಿಮ್ಮನೇಲಿ ಕೈಯಲ್ಲಿ ಹೊಲಿದ ಹಳೇದು ಏನಾದ್ರೂ ಇದೆಯಾ?"

"ಇದೆಯಪ್ಪ. ನಮ್ಮತ್ತೆ ಹೊಲಿದ ತೊಟ್ಟಿಲ ಬಟ್ಟೆ. ಎಲ್ಲರ ಮನೇಲೂ ಒಂದೊಂದಿದೆ." ಅಜ್ಜಿ ಟವೆಲ್ ಕೊಡವಿ ಹಗ್ಗಕ್ಕೆ ಹಾಕಿದರು. "ನಿಮ್ಮದೆಲ್ಲಿ?"

"ನಮ್ಮದು ಅಂದ್ರೆ?"

"ನಿಮ್ಮ ಮನೇದು. ನಿಮ್ಮಮ್ಮ ಏನೂ ಹೊಲಿದಿಲ್ವಾ? ನಮ್ಮದನ್ನೆಲ್ಲ ಗಾಜಲ್ಲಿಟ್ಟು ನೀವು ನಿಂತು ನೋಡೋದಾ?"

ನಾನು ದುರಸ್ತಿ ಕೋಣೆಯ ಕಿಟಕಿಯ ಹತ್ತಿರವೇ ಇದ್ದೆ, ಎಲ್ಲ ಕೇಳಿಸಿತು. ತಮ್ಮ ತಲೆಯೆತ್ತಿ ನನ್ನ ಕಡೆ ನೋಡಿದ. 'ಹೇಳೋ, ಈಗ ಹೇಳು' ಎಂದು ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಅವತ್ತು ಮುಚ್ಚಿಕೊಂಡಿದ್ದೆ. ಅವನು ಒಳಗೆ ಹೋದ.

ಮರುದಿನ ಬೆಳಿಗ್ಗೆ ಅವನು ಬಂದದ್ದು ಗೇಟಿನಿಂದ ನೇರ ಹುಲ್ಲುಹಾಸಿಗೆ. ತೋಳ ತುಂಬ ಒಂದು ಗಂಟು. ಕೈಗವಸು ಇಲ್ಲ. ಗಂಟು ಬಿಚ್ಚುತ್ತಲೇ ನುಸಿಗುಳಿಗೆಯ ವಾಸನೆ ಕಿಟಕಿಯವರೆಗೂ ಬಂತು.

"ಅಯ್ಯೋ, ಉಸಿರುಕಟ್ಟಿ ಹೋಗಿದೆಯಲ್ಲಪ್ಪ ಇದು! ಮೊದಲು ಗಾಳಿಗೆ ಹಾಕು," ಅಂದರು ಅಜ್ಜಿ.

"ನೆರಳಲ್ಲಿ ಹಾಕೋಣ ಅಜ್ಜೀ," ಎಂದು ಅವನು ಬೇಡಿಕೊಳ್ಳುವಂತೆ ಹೇಳಿದ. ಅಜ್ಜಿ ತಮ್ಮ ಟವೆಲ್ ತೆಗೆದು ಮರದ ಕೆಳಗಿನ ಜಾಗ ಬಿಟ್ಟುಕೊಟ್ಟರು.

ನಾನು ಓಡಿ ಹೋದೆ. ಯಾರದೋ ಪೈಜಾಮದ ಪಕ್ಕದಲ್ಲಿ ಅಮ್ಮನ ಹೊದಿಕೆ ತೂಗುತ್ತಿತ್ತು. ನನ್ನ ಶಾಲೆಯ ನೀಲಿ ಲಂಗ, ಅಪ್ಪನ ಗೀರುಗೀರು ಅಂಗಿ, ಹಾಕಿಕೊಂಡರೆ ಬಿಚ್ಚಲು ಬಿಡದೆ ತಮ್ಮ ರಚ್ಚೆ ಹಿಡಿಯುತ್ತಿದ್ದ ಹಳದಿ ಚಡ್ಡಿ, ಎಲ್ಲ ಒಂದರ ಪಕ್ಕ ಒಂದು. ಅಮ್ಮನ ಹೊಲಿಗೆ ಈಗಲೂ ಸೊಟ್ಟ. ಕೈಯಿಂದ ಸವರಿದೆ. ಅಳು ಬಂತು, ಅಷ್ಟು ಜನರ ಮುಂದೆ ಅತ್ತೇಬಿಟ್ಟೆ.

"ಈ ಹಳದಿ ಚಡ್ಡಿ ಯಾರದು?" ಎಂದು ಅಜ್ಜಿ ಕೇಳಿದರು.

"ನಿರ್ದೇಶಕರದು," ಅಂದೆ, ಮೂಗು ಒರೆಸಿಕೊಳ್ಳುತ್ತ. ಹುಲ್ಲುಹಾಸಿನ ತುಂಬ ನಗು. ತಮ್ಮನೂ ನಕ್ಕ.

ಸಂಜೆಯೊಳಗೆ ಅಜ್ಜಿಯ ತೊಟ್ಟಿಲ ಬಟ್ಟೆ ಬಂತು. ಹಿಂದೆಯೇ ಕಸೂತಿಯ ದಿಂಬಿನ ಚೀಲ, ತೇಪೆ ಹಾಕಿದ ಕೆಲಸದ ಅಂಗಿ, ಒಂದು ಕಿವಿ ದೊಡ್ಡದಾದ ಬಟ್ಟೆಯ ಮೊಲ. ಪೆಟ್ಟಿಗೆಗಳು ಸಾಲದೆ ಹೋದವು. ವಿದ್ಯಾರ್ಥಿಗಳು ಕೊಟ್ಟವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೆಸರಿನ ಚೀಟಿ ಬರೆದರು. ನಾನು ಹೇಳಿಕೊಡುವುದೇನೂ ಉಳಿದಿರಲಿಲ್ಲ.

"ಸರ್, ಮೊದಲನೇ ಪೆಟ್ಟಿಗೆಗೆ ನಿಮ್ಮ ಹೆಸರು ಬರೀಲಾ?" ಎಂದು ಸಂಗ್ರಹಪಾಲಕಿ ಕೇಳಿದಳು.

ತಮ್ಮ ಗಾಜು ಒರೆಸುತ್ತಿದ್ದ. ತಿರುಗಿ ನೋಡಲಿಲ್ಲ. "ಕೊಟ್ಟವರು ನಮ್ಮಕ್ಕ. ಅವಳ ಹೆಸರು ಬರಿ."

ನಾನು ಅವನ ಹತ್ತಿರ ಹೋದೆ. "ಲೋ, ಪ್ರದರ್ಶನ ಮುಗಿದ ಮೇಲೆ ಕೊಟ್ಟವರ ಮನೆಗೇ ಹೋಗ್ಬೇಕು ಅಂತ ನಿಯಮ ಇದೆ, ಗೊತ್ತು ತಾನೇ?"

"ಆ ನಿಯಮ ಬರೆದೋನು ನಾನೇ ಅಕ್ಕಾ. ಬಿಸಿಲಿಗೆ ಮಾತ್ರ ಹಾಕ್ಬೇಡ."

"ಬಿಸಿಲಿಗೆ ಹಾಕಲ್ಲ. ಹೊದ್ಕೋತೀನಿ."

ಅವನು ಹೌಹಾರಿ ಒರೆಸುವ ಬಟ್ಟೆ ಕೆಳಗಿಟ್ಟ. ನನ್ನ ಮುಖ ನೋಡಿದ, ಹೊದಿಕೆಯನ್ನು ನೋಡಿದ.

"ಚಳಿ ಇದ್ದಾಗ ಮಾತ್ರ," ಅಂದ.