ವಿಭೂತಿ ತಿಕ್ಕಿದ ಹಲಗೆ

ಒಂದೂರಿನಲ್ಲಿ ನಿದ್ದೆಬಡಕ ಬಂಡೆಯೊಂದಿತ್ತಂತೆ. ಅದನ್ನು ಕದಲಿಸಲು ಏಳು ಆನೆ ಬೇಕು. ಒಮ್ಮೆ ಕದಲಿದರೆ ಎಳೆಯಲು ಐದೇ ಸಾಕಂತೆ. ಹಮ್ಮಿಗಿಯ ಶೇಖವ್ವಜ್ಜಿಯ ಈ ಕಥೆಯನ್ನು ನಂಬಿ ಮೊಮ್ಮಗಳು ಶಿವರಂಜನಿ ಮುಂಡರಗಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಡಂಗೆ ಮಾತು ಕೊಟ್ಟುಬಿಟ್ಟಿದ್ದಳು: "ಸ್ಥಿರ ಘರ್ಷಣೆ, ಚಲನ ಘರ್ಷಣೆ ಎರಡನ್ನೂ ಅಳದು ತೋರಸ್ತೀನ್ರಿ ಮೇಡಂ." ತೋರಿಸಿದರೆ ಗದಗಿನ ವಿಜ್ಞಾನ ಮೇಳಕ್ಕೆ ಅವಳೇ. ತಪ್ಪಿದರೆ ಇಲ್ಲ.

ಆದರೆ ಹಲಗೆಯ ಮೇಲಿನ ಮರದ ತುಂಡಿಗೆ ಸ್ಪ್ರಿಂಗ್ ತ್ರಾಸು ಸಿಕ್ಕಿಸಿ ಎಳೆದಾಗಲೆಲ್ಲ ತುಂಡು ಸಲೀಸಾಗಿ ಜಾರಿತು. ಕದಲುವಾಗಲೂ ಜಾರುವಾಗಲೂ ಮುಳ್ಳು ಒಂದೇ ಕಡೆ.

"ಹಲಗಿಗೆ ಏನ್ ಹಚ್ಚೀಯವಾ?" ಮೇಡಂ ಬಗ್ಗಿ ನೋಡಿದರು.

"ಆಯುಧಪೂಜಿಗೆ ವಿಭೂತಿ ತಿಕ್ಕಿದ್ನಿರಿ..." ಎಂದಳು ಶಿವರಂಜನಿ.

"ಕೇರಂ ಬೋರ್ಡಿಗೆ ಪೌಡರ್ ಹಾಕಿದಂಗ ಆತು ಬಿಡಲೇ!" ಗೆಳತಿ ಸೀಮಾ ನಕ್ಕಳು.

"ಜಲ್ದಿ ಒರಸು. ಗಂಟಿ ಹೊಡಿಯಾಕ ಬಂತು," ಎಂದರು ಮೇಡಂ.

ಒರೆಸುವುದೇ? ವಿಭೂತಿ ಒರೆಸಿದವನ ಕೈ ಕಲ್ಲಾದ ಕಥೆಯನ್ನೂ ಅಜ್ಜಿಯೇ ಹೇಳಿದ್ದಳು. ಶಿವರಂಜನಿಯ ಬೆರಳುಗಳು ಈಗಲೇ ಕಲ್ಲಿನಂತೆ ತಣ್ಣಗಾದವು. ಕೊನೆಗೆ ಅವಳು ಹಲಗೆಯ ಪುಡಿಯನ್ನು ಬೆರಳಿಂದ ಬಳಿದು ಬಳಿದು ಹಣೆಗೆ, ಕೊರಳಿಗೆ, ತೋಳಿಗೆ ಹಚ್ಚಿಕೊಂಡಳು. ನೆಲಕ್ಕೆ ಒಂದು ಚಿಟಿಕೆಯೂ ಬೀಳಗೊಡಲಿಲ್ಲ.

ಉಳಿದ ಧೂಳನ್ನು ಹೆಗಲ ಮೇಲಿನ ಓಡ್ನಿಯಿಂದ ಒತ್ತಿ ತೆಗೆದು, ತ್ರಾಸನ್ನು ಮತ್ತೆ ಎಳೆದಳು. ತುಂಡು ಕದಲಲಿಲ್ಲ. ಮುಳ್ಳು ಏರಿತು, ಇನ್ನೂ ಏರಿತು. ಎರಡೂವರೆ ನ್ಯೂಟನ್ ಮುಟ್ಟಿದಾಗ ತುಂಡು ಧಡಕ್ಕನೆ ಹೊರಟಿತು. ಮುಳ್ಳು ಎರಡಕ್ಕಿಳಿದು, ಹಲಗೆ ಮುಗಿಯುವತನಕ ಅಲ್ಲೇ ನಿಂತಿತು.

ಸ್ಥಿರ, ಚಲನ ಎರಡನ್ನೂ ಮೇಡಂ ಕಣ್ಣಾರೆ ನೋಡಿದರು.